ಚುಕ್ಕೆಯಿಲ್ಲದ ಪ್ರಶ್ನೆಯೂ ತೆಂಗಿನ ಸೀಮೆಯೂ

2023ನೆಯ ಇಸವಿಯಲ್ಲಿ ಭಾರತ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲೊಂದಕ್ಕೆ 11,750 ರೂಪಾಯಿಗಳ ಬೆಂಬಲ ಬೆಲೆಯನ್ನು ಗೊತ್ತುಮಾಡಿದ್ದ ಕಾಲದಲ್ಲಿಯೇ, ತುಮಕೂರು ಜಿಲ್ಲೆಯ ತಿಪಟೂರಿನ ಮಾರುಕಟ್ಟೆಯಲ್ಲಿ ಅದೇ ಕೊಬ್ಬರಿಯ ಧಾರಣೆ ಎಂಟು ಸಾವಿರದ ಆಸುಪಾಸಿಗೆ ಇಳಿದುಹೋಯಿತು. ಕಾಯಿಯನ್ನು ಕೆಡವಿಸಿ, ಅಟ್ಟಕ್ಕೆ ಏರಿಸಿ, ಹತ್ತು ಹನ್ನೆರಡು ತಿಂಗಳು ಅದರೊಳಗಿನ ನೀರು ಇಂಗಿ ತಿರುಳು ಕರಟವನ್ನು ಬಿಟ್ಟು ಅಲ್ಲಾಡುವ ತನಕ ಕಾದು, ಆಮೇಲೆ ಕೂಲಿ ಕೊಟ್ಟು ಸುಲಿಸಿ ಒಡೆಸಿ ಚೀಲ ತುಂಬಿ ತರುವ ತುರುವೇಕೆರೆಯ ಅಥವಾ ಚಿಕ್ಕನಾಯಕನಹಳ್ಳಿಯ ಬೆಳೆಗಾರನು, ಸರ್ಕಾರವು ಕಾಗದದ ಮೇಲೆ ಬರೆದ ಬೆಲೆಗೂ ತನ್ನ ಕೈಗೆ ಬಂದ ಬೆಲೆಗೂ ನಡುವೆ ಕ್ವಿಂಟಾಲಿಗೆ ಮೂರು ಸಾವಿರಕ್ಕೂ ಮಿಕ್ಕಿದ ಅಂತರವನ್ನು ಕಂಡು, ಇದಕ್ಕೆ ಹೊಣೆ ಯಾರೆಂದು ಕೇಳಿದರೆ ಅದು ಅತ್ಯಂತ ನ್ಯಾಯವಾದ ಪ್ರಶ್ನೆ. ಆದರೆ ಹೋಟೆಲಿನ ಬೆಂಚಿನ ಮೇಲೆ ಕುಳಿತು ಕೇಳಿದಾಗ ಅದಕ್ಕೆ ಹತ್ತು ಜನ ಹತ್ತು ಬಗೆಯ ಉತ್ತರ ಕೊಡಬಲ್ಲರು: ದೆಹಲಿಯವರು ಎನ್ನುವರು ಕೆಲವರು, ಬೆಂಗಳೂರಿನವರು ಎನ್ನುವರು ಕೆಲವರು, ಕೇಂದ್ರದ ಪರವಾಗಿ ಕೊಬ್ಬರಿ ಕೊಳ್ಳುವ ನಾಫೆಡ್ ಎನ್ನುವರು, ವರ್ತಕರು ಎನ್ನುವರು, ಕಾಲದೋಷವೆನ್ನುವವರೂ ಉಂಟು. ಹತ್ತು ಜನರ ಮೇಲೆ ಹಂಚಿಹೋದ ಹೊಣೆ ಯಾರ ಹೆಗಲ ಮೇಲೂ ಕೂರದು.

ಇದೇ ಪ್ರಶ್ನೆಯನ್ನು ಒಬ್ಬ ನಿಶ್ಚಿತ ಮಂತ್ರಿಯ ಮೇಲೆ, ಒಂದು ನಿಶ್ಚಿತ ದಿನಾಂಕಕ್ಕೆ, ಲಿಖಿತವಾಗಿ ಉತ್ತರಿಸಲೇಬೇಕಾದ ರೂಪದಲ್ಲಿ ಹೊರಿಸಬಲ್ಲ ಅಧಿಕಾರವೊಂದು ನಮ್ಮ ರಾಜ್ಯಾಂಗ ವ್ಯವಸ್ಥೆಯಲ್ಲಿದೆ. ವಿಧಾನಸಭೆಯ 224 ಮಂದಿ ಸದಸ್ಯರಿಗೂ ವಿಧಾನ ಪರಿಷತ್ತಿನ 75 ಮಂದಿಗೂ ಅದು ಸಮಾನವಾಗಿ ಸಲ್ಲುತ್ತದೆ. ಭಾಷಣದಂತೆ ಪತ್ರಿಕೆಗಳಲ್ಲಿ ಮೆರೆಯದ, ಧರಣಿಯಂತೆ ಕಣ್ಣಿಗೆ ಹೊಡೆಯದ ಈ ಸಾಧನದ ಹೆಸರು ಸದನದ ಪ್ರಶ್ನೆ; ಅದರಲ್ಲಿಯೂ ಬರೆದು ಕೇಳಿ ಬರೆದ ಉತ್ತರವನ್ನು ಪಡೆಯುವ ಪ್ರಶ್ನೆ. ಈ ಸಾಧನದ ಬಲವೆಲ್ಲ ಅದನ್ನು ರಚಿಸುವ ಕೌಶಲದಲ್ಲಿದೆ, ಆ ಕೌಶಲಕ್ಕೆ ಬೇಕಾದ ಸಾಮಗ್ರಿಯು ವಿಧಾನಸೌಧದಲ್ಲಿ ದೊರೆಯದೆ ತೋಟದಲ್ಲಿ, ಖರೀದಿ ಕೇಂದ್ರದಲ್ಲಿ, ಗ್ರಾಮ ಆಡಳಿತಾಧಿಕಾರಿಯ ಕಚೇರಿಯ ಜಗಲಿಯಲ್ಲಿ ದೊರೆಯುತ್ತದೆ ಎಂಬುದೇ ನಾನು ಇಲ್ಲಿ ನಿರೂಪಿಸಬಯಸುವ ಸಂಗತಿ.

ಪ್ರಭುತ್ವವನ್ನು ಪ್ರಶ್ನಿಸುವ ಪದ್ಧತಿ ನಮ್ಮ ನಾಡಿಗೆ ಹೊಸತಲ್ಲ. 1881ರ ಅಕ್ಟೋಬರ್ ತಿಂಗಳಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಕರೆದಾಗ, ಅದಕ್ಕೆ ಬಂದಿದ್ದವರು 144 ಮಂದಿ ಸದಸ್ಯರು. ಬಹುಮಟ್ಟಿಗೆ ತಾಲ್ಲೂಕುಗಳಿಂದ ಬಂದ ಜಮೀನುದಾರರು ಮತ್ತು ವರ್ತಕರು. ಶಾಸನ ಮಾಡುವ ಅಧಿಕಾರ ಅವರಿಗಿರಲಿಲ್ಲ. ಪ್ರಶ್ನಿಸುವುದು ಹಕ್ಕೆಂದು ಆಗ ಯಾರೂ ಘೋಷಿಸಿರಲಿಲ್ಲ. ತಮ್ಮ ಸೀಮೆಯ ಕೊರತೆಗಳನ್ನು ಅರಿಕೆಮಾಡಿಕೊಳ್ಳುವುದು, ದಿವಾನರು ಅದಕ್ಕೆ ಸಮಾಧಾನ ಹೇಳುವುದು, ಇಷ್ಟೇ ಅಂದಿನ ಕ್ರಮ. ಆದರೂ ದಸರೆಯ ವೇಳೆಗೆ ಮೈಸೂರಿಗೆ ಹೋಗಿ, ನಮ್ಮೂರ ಕೆರೆಯ ತೂಬು ಒಡೆದಿದೆ, ರಸ್ತೆಗೆ ಸೇತುವೆಯಿಲ್ಲ ಎಂದು ದಿವಾನರ ಸಮ್ಮುಖದಲ್ಲಿ ನಿಂತು ಹೇಳಬಲ್ಲ ಪ್ರಜೆಯೊಬ್ಬ ಹುಟ್ಟಿದ್ದು ಅಲ್ಲಿಯೇ. 1923ರ ಸುಧಾರಣೆಗಳಿಂದ ಆ ಸಭೆಗೆ ಶಾಸನಬದ್ಧವಾದ ಅಸ್ತಿತ್ವವು ಬಂದು, ಅರಿಕೆಯು ಕ್ರಮೇಣ ಹಕ್ಕಾಗಿ ಪರಿಣಮಿಸಿತು.

ಬ್ರಿಟಿಷ್ ಇಂಡಿಯಾದಲ್ಲಿ ಈ ಹಕ್ಕು ಅಂಗುಲ ಅಂಗುಲವಾಗಿ ದೊರೆತದ್ದು. 1892ರ ಕಾಯಿದೆಯಲ್ಲಿ ಪ್ರಶ್ನೆ ಕೇಳುವ ಅವಕಾಶ ಬಂತು, ಆದರೆ ಉತ್ತರದ ಮೇಲೆ ಮರುಮಾತಾಡುವಂತಿರಲಿಲ್ಲ. 1909ರ ಬಳಿಕ ಮೂಲ ಪ್ರಶ್ನೆಯನ್ನು ಕೇಳಿದವನು ಮಾತ್ರ ಉಪಪ್ರಶ್ನೆ ಕೇಳಬಹುದಾಯಿತು. 1919ರ ಸುಧಾರಣೆಯ ಮೇಲೆ ಸಭೆಯ ಯಾವ ಸದಸ್ಯನೇ ಆಗಲಿ ಕೇಳಬಹುದಾಯಿತು. ಇಂಗ್ಲೆಂಡಿನ ಮೇಲ್ಮನೆಯಲ್ಲಿ ಮೊತ್ತಮೊದಲ ಪ್ರಶ್ನೆಯು ದಾಖಲಾದದ್ದು 1721ರಲ್ಲಿ ಎಂಬುದನ್ನು ನೆನೆದರೆ, ಮರುಪ್ರಶ್ನೆಯೆಂಬ ಸಣ್ಣ ಸ್ವಾತಂತ್ರ್ಯಕ್ಕಾಗಿ ನಮ್ಮ ಹಿರಿಯರು ಎಷ್ಟು ಕಾಲ ಕಾಯಬೇಕಾಯಿತೆಂಬುದು ತಿಳಿಯುತ್ತದೆ.

ಈಗಿನ ಪದ್ಧತಿಯಲ್ಲಿ ಮುಖ್ಯವಾಗಿ ಎರಡು ಜಾತಿಯ ಪ್ರಶ್ನೆಗಳಿವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಯು ಸದನದಲ್ಲಿ ಎದ್ದುನಿಂತು ಉತ್ತರಿಸಬೇಕು. ಅದರ ಮೇಲೆ ಉಪಪ್ರಶ್ನೆಗಳನ್ನು ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಇವಲ್ಲದೆ ತುರ್ತು ವಿಷಯಗಳಿಗೆ ಅಲ್ಪಾವಧಿ ಸೂಚನೆಯ ಪ್ರಶ್ನೆ, ಉತ್ತರವು ಅತೃಪ್ತಿಕರವಾದಲ್ಲಿ ಅರ್ಧ ಗಂಟೆಯ ಚರ್ಚೆ ಎಂಬ ಉಪಾಯಗಳೂ ಉಂಟು. ಲೋಕಸಭೆಯಲ್ಲಿ ದಿನವೊಂದಕ್ಕೆ ಚುಕ್ಕೆ ಗುರುತಿನ 20 ಪ್ರಶ್ನೆಗಳೂ ಚುಕ್ಕೆಯಿಲ್ಲದ 230 ಪ್ರಶ್ನೆಗಳೂ ಪಟ್ಟಿಗೆ ಬರುತ್ತವೆ. ಆ ಇಪ್ಪತ್ತರಲ್ಲಿ ಒಂದು ಗಂಟೆಯ ಅವಧಿಯೊಳಗೆ ಬಾಯಿಮಾತಿನ ಉತ್ತರ ಪಡೆಯುವವು ಬೆರಳೆಣಿಕೆಯಷ್ಟು. ಗದ್ದಲವೆದ್ದು ಸದನ ಮುಂದೂಡಲ್ಪಟ್ಟ ದಿನವಂತೂ ಅದೂ ಇಲ್ಲ. ಆದರೆ ಲಿಖಿತ ಉತ್ತರವು ಗದ್ದಲಕ್ಕೆ ಅಂಜುವುದಿಲ್ಲ. ಗದ್ದಲದಿಂದ ಕಲಾಪ ನಡೆಯದ ದಿನವೂ ಅದು ಮಂಡಿತವಾದಂತೆಯೇ ಲೆಕ್ಕ. ಅಚ್ಚಾಗಿ, ದಾಖಲೆಯಾಗಿ, ಯಾರು ಬೇಕಾದರೂ ಓದಬಹುದಾದ ಕಾಗದವಾಗಿ ಉಳಿಯುತ್ತದೆ. 2020ರ ಸೆಪ್ಟೆಂಬರಿನಲ್ಲಿ ಕೋವಿಡ್ ಕಾರಣದಿಂದ ಸಂಸತ್ತಿನ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟಾಗ ಉಳಿದುಕೊಂಡದ್ದು ಈ ಚುಕ್ಕೆಯಿಲ್ಲದ ಪ್ರಶ್ನೆಯೊಂದೇ. ಲಾಕ್‌ಡೌನ್ ಕಾಲದಲ್ಲಿ ಊರಿಗೆ ಮರಳುತ್ತ ಮಡಿದ ವಲಸೆ ಕಾರ್ಮಿಕರ ಸಂಖ್ಯೆ ಎಷ್ಟೆಂದು ಕೇಳಿದ ಪ್ರಶ್ನೆಗೆ, ಅಂಥ ಅಂಕಿಅಂಶಗಳನ್ನು ಇಟ್ಟಿಲ್ಲವೆಂದು ಕಾರ್ಮಿಕ ಮಂತ್ರಾಲಯವು ಬರೆದುಕೊಟ್ಟ ಉತ್ತರವು ದೇಶವನ್ನೇ ಕಲಕಿತು. ಲೆಕ್ಕವಿಟ್ಟಿಲ್ಲವೆಂಬ ಸತ್ಯವು ಸರ್ಕಾರದ ಲೇಖನಿಯಿಂದಲೇ ಹೊರಬರಲು ಆ ಒಂದು ಪ್ರಶ್ನೆ ಬೇಕಾಯಿತು. ಈ ಕಾರಣಗಳಿಂದ, ಸದನದ ಬೆಳಕಿನಲ್ಲಿ ಮಿಂಚುವ ಚುಕ್ಕೆಯ ಪ್ರಶ್ನೆಗಿಂತ ಚುಕ್ಕೆಯಿಲ್ಲದ ಪ್ರಶ್ನೆಯ ಮೇಲೆ ನನಗೆ ಹೆಚ್ಚಿನ ಗೌರವವಿದೆ.

ಇಂಥ ಒಂದು ಪ್ರಶ್ನೆಯು ಸಚಿವಾಲಯಕ್ಕೆ ತಲಪಿದ ಮೇಲೆ ಏನಾಗುತ್ತದೆಂಬುದನ್ನು ಸಾಮಾನ್ಯ ಜನರು ಬಲ್ಲವರಲ್ಲ. ಬಲ್ಲವರಾದರೆ ಅದರ ಶಕ್ತಿಯ ವಿಷಯದಲ್ಲಿ ಅವರಿಗೆ ಸಂದೇಹ ಉಳಿಯದು. ಸದಸ್ಯರು ಸೂಚನಾಪತ್ರವನ್ನು ವಿಧಾನಸಭೆಯ ಕಾರ್ಯದರ್ಶಿಗಳಿಗೆ ಸಲ್ಲಿಸುತ್ತಾರೆ. ಪ್ರಶ್ನೆಯು ನಿಯಮಗಳಿಗೆ ಹೊಂದುವುದೇ ಎಂಬುದನ್ನು ಅಲ್ಲಿ ಪರಿಶೀಲಿಸುತ್ತಾರೆ: ವಾದ, ಊಹೆ, ನಿಂದೆ, ವ್ಯಂಗ್ಯೋಕ್ತಿಗಳು ಇರಕೂಡದು; ಅಭಿಪ್ರಾಯವನ್ನು ಕೇಳಕೂಡದು; ನ್ಯಾಯಾಲಯದ ಮುಂದಿರುವ ವಿಷಯವಾಗಿರಕೂಡದು; ಮುಖ್ಯವಾಗಿ ಸರ್ಕಾರದ ಹೊಣೆಗೆ ಸೇರಿದ ವಿಷಯವೇ ಆಗಿರಬೇಕು. ಅಂಗೀಕೃತವಾದ ಪ್ರಶ್ನೆ ಇಲಾಖೆಯ ಕಾರ್ಯದರ್ಶಿಗೆ, ಅಲ್ಲಿಂದ ನಿರ್ದೇಶನಾಲಯಕ್ಕೆ, ನಿರ್ದೇಶನಾಲಯದಿಂದ ತುಮಕೂರಿನ ಜಿಲ್ಲಾ ಕಚೇರಿಗೆ, ಜಿಲ್ಲಾ ಕಚೇರಿಯಿಂದ ತಾಲ್ಲೂಕು ಕಚೇರಿಗೆ ಇಳಿದು ಬರುತ್ತದೆ. ಅಧಿಕಾರಿಗಳ ಬಾಯಲ್ಲಿ ಅದರ ಹೆಸರು ‘ಎಲ್‌ಎಕ್ಯೂ’, ಮೇಲ್ಮನೆಯದಾದರೆ ‘ಎಲ್‌ಸಿಕ್ಯೂ’. ಅಧಿವೇಶನದ ದಿನಗಳಲ್ಲಿ ಯಾವ ತಾಲ್ಲೂಕಿನ ಸರ್ಕಾರಿ ಕಚೇರಿಗೆ ಹೋದರೂ, ‘ಎಲ್‌ಎಕ್ಯೂ ಬಂದಿದೆ ಸಾರ್, ಇವತ್ತೇ ಕಳಿಸಬೇಕು’ ಎಂದು ಗುಮಾಸ್ತರು ಮೇಲಧಿಕಾರಿಗೆ ಹೇಳುವುದನ್ನು ಕೇಳಬಹುದು. ವರ್ಷಗಟ್ಟಲೆ ಮೇಜಿನ ಮೇಲೆ ಕುಳಿತ ರೈತನ ಅರ್ಜಿಯು ಅಲುಗದಿದ್ದಲ್ಲಿ, ಈ ಒಂದು ಹಾಳೆ ಬಂದ ದಿನ ಕಪಾಟುಗಳು ತೆರೆಯುತ್ತವೆ, ಹಳೆಯ ವಹಿಗಳು ಹೊರಬರುತ್ತವೆ, ಕ್ಷೇತ್ರ ಸಿಬ್ಬಂದಿಗೆ ದೂರವಾಣಿಯ ಮೇಲೆ ದೂರವಾಣಿ ಹೋಗುತ್ತದೆ, ಸಂಜೆಯೊಳಗೆ ಅಂಕಿಗಳು ಒಟ್ಟುಗೂಡುತ್ತವೆ. ಉತ್ತರವು ಸದನವನ್ನು ತಲಪುವ ಮುನ್ನವೇ, ಹೀಗೆ ಕೇಳಲ್ಪಟ್ಟಿದ್ದರಿಂದಲೇ, ಆಡಳಿತವು ತನ್ನ ಕೆಲಸವನ್ನು ತಾನೇ ಒಮ್ಮೆ ನೋಡಿಕೊಳ್ಳುವಂತಾಗುತ್ತದೆ. ಬಾಕಿ ಉಳಿದಿದ್ದ ಪಾವತಿಯೊಂದು ಪ್ರಶ್ನೆ ಬಂದ ವಾರದಲ್ಲಿ ಸಂದಾಯವಾಗುವುದು ಅಪರೂಪವಲ್ಲ.

ಉತ್ತರದ ಕಾಗದದ ರೂಪವನ್ನು ಒಮ್ಮೆ ಕಣ್ಣಿಟ್ಟು ನೋಡತಕ್ಕದ್ದು. ಮೇಲ್ಭಾಗದಲ್ಲಿ ಕರ್ನಾಟಕ ವಿಧಾನಸಭೆ ಎಂಬ ಶೀರ್ಷಿಕೆ. ಕೆಳಗೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು ಮತ್ತು ಕ್ಷೇತ್ರ, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು. ಆಮೇಲೆ ಪುಟವನ್ನು ಉದ್ದಕ್ಕೆ ಸೀಳಿದಂತೆ ಎರಡು ಅಂಕಣಗಳು: ಎಡಗಡೆ ಅ, ಆ, ಇ, ಈ ಎಂದು ಬಿಡಿಸಿದ ಪ್ರಶ್ನೆಯ ಭಾಗಗಳು, ಬಲಗಡೆ ಅವಕ್ಕೆದುರಾಗಿ ಉತ್ತರಗಳು. ಕೊನೆಯಲ್ಲಿ ಕಡತದ ಸಂಖ್ಯೆ ಮತ್ತು ಮಂತ್ರಿಯ ಸಹಿ. ಇದರಲ್ಲಿ ಎಡದ ಅಂಕಣವನ್ನು ಬರೆಯುವವನು ಬಲದ ಅಂಕಣದ ಹಣೆಬರಹವನ್ನೂ ಬರೆಯುತ್ತಾನೆಂಬುದನ್ನು ಮರೆಯಲಾಗದು. ಒಂದು ಉದಾಹರಣೆಯನ್ನು ನಾನೇ ಕಲ್ಪಿಸಿ ಹೇಳುತ್ತೇನೆ. ‘ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗು ಬೆಳೆಗಾರರು ಬೆಲೆ ಕುಸಿತದಿಂದ ಸಂಕಷ್ಟಕ್ಕೊಳಗಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಎಡಗಡೆ ಬರೆದರೆ, ಬಲಗಡೆ ‘ಬಂದಿದೆ’ ಎಂಬ ಒಂದೇ ಪದ ಬರುತ್ತದೆ. ‘ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಎಂಬುದಕ್ಕೆ ‘ಕಾಲಕಾಲಕ್ಕೆ ಅಗತ್ಯ ಕ್ರಮ ಕೈಗೊಳ್ಳಲಾಗುತ್ತಿದೆ’ ಎಂದು ಬರುತ್ತದೆ. ‘ಕೈಗೊಳ್ಳದಿದ್ದಲ್ಲಿ ಕಾರಣಗಳೇನು?’ ಎಂಬುದಕ್ಕೆ ‘ಪ್ರಶ್ನೆ ಉದ್ಭವಿಸುವುದಿಲ್ಲ’ ಎಂದು ಬರುತ್ತದೆ. ನಿಯಮದ ಪ್ರಕಾರ ಇವೆಲ್ಲವೂ ಉತ್ತರಗಳೇ. ಯಾರೂ ಸುಳ್ಳು ಹೇಳಿಲ್ಲ. ಆದರೂ ಬೆಳೆಗಾರನಿಗೆ ಒಂದು ಕಾಳಿನಷ್ಟೂ ತಿಳಿವು ದೊರೆತಿಲ್ಲ. ದೋಷವು ಇಲ್ಲಿ ಇಲಾಖೆಯದಕ್ಕಿಂತ ಮಿಗಿಲಾಗಿ ಪ್ರಶ್ನೆಯದು.

ಅದೇ ಸದಸ್ಯರು ಬೇರೆ ರೀತಿಯಲ್ಲಿ ಕೇಳಬಹುದಾಗಿತ್ತು. ಈ ಮೂರು ತಾಲ್ಲೂಕುಗಳಲ್ಲಿ ಬೆಂಬಲ ಬೆಲೆ ಯೋಜನೆಯಡಿ ತೆರೆದ ಖರೀದಿ ಕೇಂದ್ರಗಳೆಷ್ಟು, ಅವು ಯಾವ ದಿನಾಂಕದಂದು ಆರಂಭವಾದುವು, ಪ್ರತಿಯೊಂದು ಕೇಂದ್ರದಲ್ಲಿ ನೋಂದಾಯಿತರಾದ ರೈತರ ಸಂಖ್ಯೆ ಮತ್ತು ಅವರ ಪೈಕಿ ವಾಸ್ತವವಾಗಿ ಕೊಬ್ಬರಿ ಮಾರಿದವರ ಸಂಖ್ಯೆ ಎಷ್ಟು. ಗುಣಮಟ್ಟವಿಲ್ಲವೆಂದು ಹಿಂದಿರುಗಿಸಲಾದ ಕೊಬ್ಬರಿಯ ಪ್ರಮಾಣವೆಷ್ಟು, ಹಿಂದಿರುಗಿಸುವಾಗ ಕಾರಣವನ್ನು ಬರೆದುಕೊಡಲಾಗಿದೆಯೇ. ಖರೀದಿಯ ದಿನಕ್ಕೂ ರೈತರ ಖಾತೆಗೆ ಹಣ ಜಮೆಯಾದ ದಿನಕ್ಕೂ ನಡುವಣ ಅಂತರ ಕೇಂದ್ರವಾರು ಎಷ್ಟು. ಹಣ ಇನ್ನೂ ಜಮೆಯಾಗದ ರೈತರೆಷ್ಟು ಮಂದಿ, ಮೊತ್ತವೆಷ್ಟು. ‘ಕೇಂದ್ರವಾರು ವಿವರ ನೀಡುವುದು’ ಎಂಬ ಎರಡು ಮೂರು ಮಾತುಗಳನ್ನು ಕೊನೆಗೆ ಸೇರಿಸಿದ ಕೂಡಲೇ ಒಂದೇ ಪದದ ಉತ್ತರಕ್ಕೆ ಎಡೆಯಿಲ್ಲದೆ ಹೋಗುತ್ತದೆ. ಅನುಬಂಧವೊಂದನ್ನು ಲಗತ್ತಿಸಲೇಬೇಕು, ಅನುಬಂಧದಲ್ಲಿ ಪಟ್ಟಿಯಿರಲೇಬೇಕು, ಪಟ್ಟಿಯಲ್ಲಿ ನೊಣವಿನಕೆರೆಯ ಕೇಂದ್ರವೋ ಹುಳಿಯಾರಿನ ಕೇಂದ್ರವೋ ಇದ್ದರೆ, ಅಲ್ಲಿಗೆ ಹೋಗಿಬಂದ ರೈತನು ತಾನು ಕಂಡದ್ದನ್ನು ಆ ಅಂಕಿಯ ಪಕ್ಕದಲ್ಲಿಟ್ಟು ತಾಳೆ ನೋಡಬಲ್ಲನು. ಇಂಥ ಪ್ರಶ್ನೆಯನ್ನು ಕಲ್ಪಿಸಲು ಪಾಂಡಿತ್ಯ ಬೇಕಿಲ್ಲ. ಕೊಬ್ಬರಿಯನ್ನು ಹೇರಿಕೊಂಡು ಹೋಗಿ, ತೇವವಿದೆಯೆಂದು ಹಿಂದಿರುಗಿ ಬಂದ ಒಬ್ಬ ಮನುಷ್ಯನ ಮಾತನ್ನು ಸಾವಧಾನವಾಗಿ ಕೇಳಿಸಿಕೊಂಡಿರಬೇಕು.

2024ರ ಕೊಬ್ಬರಿ ಖರೀದಿಯ ಪ್ರಕರಣವು ಈ ದೃಷ್ಟಿಯಿಂದ ವಿಶೇಷವಾಗಿ ಮನನ ಮಾಡತಕ್ಕದ್ದಾಗಿದೆ. ಆ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆಯನ್ನು 12,000 ರೂಪಾಯಿಗೆ ಏರಿಸಿ ಕೇಂದ್ರ ಸಂಪುಟವು 2023ರ ಡಿಸೆಂಬರ್ ಕೊನೆಯಲ್ಲಿ ನಿರ್ಣಯಿಸಿತು. ರಾಜ್ಯ ಸರ್ಕಾರವು ಅದರ ಮೇಲೆ ಕ್ವಿಂಟಾಲಿಗೆ 1,500 ರೂಪಾಯಿಗಳ ಪ್ರೋತ್ಸಾಹಧನವನ್ನು ಸಾರಿತು. ಕರ್ನಾಟಕದಿಂದ 62,500 ಟನ್ನಿನವರೆಗೆ ಕೊಳ್ಳಲು ಅನುಮತಿ ಬಂತು. ಫೆಬ್ರವರಿಯಲ್ಲಿ ರೈತರ ನೋಂದಣಿ ಆರಂಭವಾಯಿತು. ಕೆಲವೇ ದಿನಗಳಲ್ಲಿ ಮಿತಿ ತುಂಬಿತೆಂದು ನೋಂದಣಿ ನಿಂತುಹೋದಾಗ, ಇರುಳೆಲ್ಲ ಸಾಲಿನಲ್ಲಿ ನಿಂತವರು ಬರಿಗೈಯಲ್ಲಿ ಹಿಂದಿರುಗಿದರು. ತೋಟವೇ ಇಲ್ಲದವರ ಹೆಸರುಗಳು ಪಟ್ಟಿಗೆ ಸೇರಿವೆಯೆಂಬ ಆಪಾದನೆಗಳು ಎದ್ದುವು. ತೆಂಗಿನ ಸೀಮೆಯ ಶಾಸಕರು ಸದನದಲ್ಲಿ ಈ ವಿಷಯವನ್ನೆತ್ತಿದರು. ನೋಂದಣಿಯನ್ನು ರದ್ದುಮಾಡಿ ಮಾರ್ಚಿನಲ್ಲಿ ಹೊಸದಾಗಿ ಮಾಡಬೇಕಾಗಿ ಬಂತು. ಸದನದಲ್ಲಿ ಎದ್ದ ಧ್ವನಿಗೆ ಫಲವಿದೆಯೆಂಬುದಕ್ಕೆ ಇದು ಸಾಕ್ಷಿ. ಆದರೆ ಮೊದಲ ನೋಂದಣಿ ಯಾವ ಕೇಂದ್ರದಲ್ಲಿ ಯಾವ ಗಂಟೆಗೆ ಎಷ್ಟಾಯಿತು, ಒಂದೇ ಗುರುತಿನ ಸಂಖ್ಯೆ ಎಷ್ಟು ಬಾರಿ ನಮೂದಾಯಿತು, ಪಹಣಿಯಲ್ಲಿ ತೆಂಗೆಂದು ದಾಖಲಾಗದ ಸರ್ವೆ ನಂಬರುಗಳು ಎಷ್ಟು ಒಳಸೇರಿದುವು ಎಂಬಂಥ ಸೂಕ್ಷ್ಮಗಳು ಧ್ವನಿಯೆತ್ತುವುದರಿಂದ ಹೊರಬರತಕ್ಕವಲ್ಲ. ಬರೆದು ಕೇಳುವುದರಿಂದ ಮಾತ್ರ ಹೊರಬರತಕ್ಕವು. ಧರಣಿಯು ಆ ಹೊತ್ತಿನ ತಪ್ಪನ್ನು ತಡೆಯಬಹುದು. ಮುಂದಿನ ವರ್ಷ ಅದೇ ತಪ್ಪು ಮರುಕಳಿಸದಂತೆ ಮಾಡಲು ಅಂಕಿಗಳ ದಾಖಲೆ ಬೇಕು.

ಈ ಪ್ರಕರಣದಲ್ಲಿ ಇನ್ನೊಂದು ತೊಡಕೂ ಅಡಗಿದೆ. ಕೊಬ್ಬರಿಯ ಹೊಣೆಗೆ ಒಬ್ಬನೇ ಒಡೆಯನಿಲ್ಲ. ಬೆಂಬಲ ಬೆಲೆಯನ್ನು ಗೊತ್ತುಮಾಡುವುದು ಕೇಂದ್ರ. ಕೊಳ್ಳುವುದು ಕೇಂದ್ರದ ಪರವಾಗಿ ನಾಫೆಡ್. ಖರೀದಿ ಕೇಂದ್ರಗಳನ್ನು ನಡೆಸುವುದು ರಾಜ್ಯದ ಸಹಕಾರ ಸಂಸ್ಥೆಗಳು. ಮಾರುಕಟ್ಟೆಯ ಆವರಣವು ಕೃಷಿ ಮಾರಾಟ ಇಲಾಖೆಯದು. ಮರದ ಆರೋಗ್ಯ ತೋಟಗಾರಿಕೆ ಇಲಾಖೆಯದು. ಪಹಣಿಯ ಬೆಳೆ ಕಲಮು ಕಂದಾಯ ಇಲಾಖೆಯದು. ತಪ್ಪು ಕಲಮಿನಿಂದ ನೋಂದಣಿ ತಪ್ಪಿದ ರೈತನಿಗಾಗಿ ಕೃಷಿ ಮಾರಾಟ ಸಚಿವರನ್ನು ಕೇಳಿದರೆ ಅದು ಕಂದಾಯ ಇಲಾಖೆಗೆ ಸಂಬಂಧಿಸಿದ್ದೆಂದು ಉತ್ತರ ಬರುತ್ತದೆ. ಕಂದಾಯ ಸಚಿವರನ್ನು ಕೇಳುವಷ್ಟರಲ್ಲಿ ಅಧಿವೇಶನ ಮುಗಿದಿರುತ್ತದೆ. ನಾಫೆಡ್ ತನ್ನ ಹಳೆಯ ದಾಸ್ತಾನನ್ನು ಮಾರುಕಟ್ಟೆಗೆ ಬಿಟ್ಟದ್ದರಿಂದಲೇ ಧಾರಣೆ ಇನ್ನಷ್ಟು ಕುಸಿಯಿತೆಂಬುದು 2023ರಲ್ಲಿ ಬೆಳೆಗಾರರ ಬಲವಾದ ದೂರಾಗಿತ್ತು. ಅದನ್ನು ವಿಧಾನಸಭೆಯಲ್ಲಿ ಕೇಳಿದರೆ ಕೇಂದ್ರಕ್ಕೆ ಸೇರಿದ ವಿಷಯವೆಂದು ಪ್ರಶ್ನೆಯೇ ಬಿದ್ದುಹೋಗಬಹುದು. ಅದನ್ನು ಕೇಳಬೇಕಾದ ಸ್ಥಳ ಲೋಕಸಭೆ, ಕೇಳಬೇಕಾದವರು ತುಮಕೂರಿನ ಸಂಸತ್ಸದಸ್ಯರು. ಆ ಕ್ಷೇತ್ರದೊಳಗೇ ಈ ಮೂರು ತಾಲ್ಲೂಕುಗಳೂ ಇವೆ. ಅಲ್ಲಿ ಹದಿನೈದು ದಿನಗಳ ಪೂರ್ಣ ಅವಧಿಯ ಮುನ್ಸೂಚನೆ ಬೇಕು. ಕೃಷಿ ಮಂತ್ರಾಲಯಕ್ಕೆಂದು ವಾರದಲ್ಲಿ ಗೊತ್ತಾದ ದಿನವುಂಟು. ಸಂಸತ್ಸದಸ್ಯರೂ ಶಾಸಕರೂ ಪಕ್ಷಭೇದವನ್ನು ಬದಿಗಿಟ್ಟು ಒಂದೇ ವಿಷಯವನ್ನು ಎರಡು ತುಂಡುಮಾಡಿ, ನಾಫೆಡ್ ಎಷ್ಟು ಮಾರಿತು, ಯಾವ ದಿನ ಮಾರಿತು, ಯಾವ ಬೆಲೆಗೆ ಮಾರಿತು ಎಂಬುದನ್ನು ದೆಹಲಿಯಲ್ಲಿಯೂ, ಅದೇ ದಿನಗಳಲ್ಲಿ ತಿಪಟೂರಿನ ಮಾರುಕಟ್ಟೆಯ ಆವಕ ಮತ್ತು ಧಾರಣೆ ಎಷ್ಟೆಂಬುದನ್ನು ಬೆಂಗಳೂರಿನಲ್ಲಿಯೂ ಕೇಳಿ, ಎರಡು ಉತ್ತರಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೆ, ಬೆಳೆಗಾರರ ಸಂದೇಹವು ನಿಜವೋ ಅಲ್ಲವೋ ಎಂಬುದು ಯಾರ ಭಾಷಣವೂ ಇಲ್ಲದೆ ಸ್ಪಷ್ಟವಾಗುತ್ತದೆ. ಒಕ್ಕೂಟ ವ್ಯವಸ್ಥೆಯಲ್ಲಿ ಹೊಣೆಯು ಎರಡು ಊರುಗಳಲ್ಲಿ ಹಂಚಿಹೋಗಿರುವಾಗ, ಪ್ರಶ್ನೆಯೂ ಎರಡು ಊರುಗಳಿಗೆ ಹೋಗಬೇಕಾಗುತ್ತದೆ.

ಪ್ರಶ್ನೆಯೊಂದರಿಂದ ಎಷ್ಟು ದೂರ ಸಾಗಬಹುದೆಂಬುದಕ್ಕೆ ನಮ್ಮ ಗಣರಾಜ್ಯದ ಪ್ರಾರಂಭದ ವರ್ಷಗಳಲ್ಲಿಯೇ ನಿದರ್ಶನವಿದೆ. 1957ರ ಸೆಪ್ಟೆಂಬರಿನಲ್ಲಿ, ಆಗ ತಾನೇ ರಾಷ್ಟ್ರೀಕೃತವಾಗಿದ್ದ ಜೀವವಿಮಾ ನಿಗಮವು ಹರಿದಾಸ್ ಮೂಂಧ್ರಾ ಎಂಬ ಉದ್ಯಮಿಯ ಸಂಸ್ಥೆಗಳ ಷೇರುಗಳಲ್ಲಿ ಹಣ ಹೂಡಿದೆಯೇ ಎಂಬರ್ಥದ ಪ್ರಶ್ನೆಯು ಲೋಕಸಭೆಯಲ್ಲಿ ಬಂತು. ಸರ್ಕಾರದ ಕಡೆಯಿಂದ ಜಾಗರೂಕವಾದ ಉತ್ತರ ದೊರೆಯಿತು. ಕೇಳಿದವರು ವಿರೋಧಪಕ್ಷದವರಲ್ಲ, ಆಳುವ ಕಾಂಗ್ರೆಸ್ಸಿನವರೇ ಆದ ರಾಂ ಸುಭಗ್ ಸಿಂಗ್ ಮತ್ತು ಫಿರೋಜ್ ಗಾಂಧಿ. ಉತ್ತರದ ಎಚ್ಚರಿಕೆಯೇ ಫಿರೋಜರ ಶಂಕೆಯನ್ನು ಬಲಪಡಿಸಿತು. ಡಿಸೆಂಬರ್ 16ರಂದು ಅವರು ವಿವರ ವಿವರವಾಗಿ ವಿಷಯವನ್ನು ಸದನದ ಮುಂದಿಟ್ಟರು, ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಬಹಿರಂಗ ವಿಚಾರಣೆ ನಡೆಯಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ಸ್ವಪಕ್ಷದ ಸರ್ಕಾರವನ್ನು ಪ್ರಶ್ನಿಸುವುದು ದ್ರೋಹವೆಂದು ಬಗೆಯುವ ಇಂದಿನ ಶಾಸಕರಿಗೆ ಈ ಘಟನೆಯನ್ನು ಮತ್ತೆ ಮತ್ತೆ ನೆನಪಿಸಬೇಕಾಗಿದೆ. ಸಂವಿಧಾನದ 164ನೆಯ ಅನುಚ್ಛೇದದ ಪ್ರಕಾರ ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿದೆ. ವಿರೋಧಪಕ್ಷಕ್ಕೆ ಮಾತ್ರ ಹೊಣೆ ಎಂದು ಅಲ್ಲಿ ಬರೆದಿಲ್ಲ.

ಉತ್ತರದಲ್ಲಿ ‘ಪರಿಶೀಲಿಸಲಾಗುವುದು’, ‘ಮಾಹಿತಿಯನ್ನು ಸಂಗ್ರಹಿಸಿ ಒದಗಿಸಲಾಗುವುದು’ ಎಂಬ ಮಾತುಗಳು ಬಂದಾಗ ಬಹುಮಂದಿ ನಿರಾಶರಾಗುತ್ತಾರೆ. ನಿರಾಶರಾಗಬೇಕಾದುದಿಲ್ಲ. ಅಂಥ ಮಾತು ಭರವಸೆಯೆನಿಸಿಕೊಂಡಲ್ಲಿ ಅದನ್ನು ಬೆನ್ನಟ್ಟಲೆಂದೇ ಸರ್ಕಾರಿ ಭರವಸೆಗಳ ಸಮಿತಿಯೆಂಬುದು ನಮ್ಮ ಎರಡೂ ಸದನಗಳಲ್ಲಿದೆ. ಲೋಕಸಭೆಯಲ್ಲಿ ಅದು 1953ರಿಂದಲೂ ಇದೆ, ಅಲ್ಲಿ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕೆಂಬ ನಿಯಮವಿದೆ. ಉದ್ದೇಶಪೂರ್ವಕವಾಗಿ ಸದನಕ್ಕೆ ಸುಳ್ಳು ಉತ್ತರ ಕೊಡುವುದು ಹಕ್ಕುಚ್ಯುತಿಯ ವಿಷಯವೂ ಆಗುತ್ತದೆ. ಆದರೆ ಸಮಿತಿಯ ಕಣ್ಣಿಗೆ ಬೀಳಬೇಕಾದರೆ ಪ್ರಶ್ನೆ ಕೇಳಿದ ಸದಸ್ಯರು ಆ ಕಾಗದವನ್ನು ಕಡತದಲ್ಲಿಟ್ಟುಕೊಂಡು, ಮುಂದಿನ ಅಧಿವೇಶನದಲ್ಲಿ ಅದರ ಸಂಖ್ಯೆ ಮತ್ತು ದಿನಾಂಕಗಳನ್ನು ಉಲ್ಲೇಖಿಸಿ ಮತ್ತೆ ಕೇಳುವ ತಾಳ್ಮೆಯುಳ್ಳವರಾಗಿರಬೇಕು.

ಸಾಧನವು ಮೊಂಡಾಗಲು ಕಾರಣಗಳೂ ಇಲ್ಲದಿಲ್ಲ. 2005ರ ಡಿಸೆಂಬರಿನಲ್ಲಿ, ಪ್ರಶ್ನೆ ಕೇಳುವುದಕ್ಕೆ ಹಣ ಪಡೆದ ಹನ್ನೊಂದು ಮಂದಿ ಸಂಸತ್ಸದಸ್ಯರನ್ನು ಉಭಯ ಸದನಗಳು ಉಚ್ಚಾಟಿಸಿದುವು. ಪ್ರಜೆಯ ಹಕ್ಕನ್ನು ಮಾರಿಕೊಂಡ ಆ ಪ್ರಕರಣವನ್ನು ನೆನೆದರೆ ಈಗಲೂ ಮನಸ್ಸು ಕಹಿಯಾಗುತ್ತದೆ. ಅದಕ್ಕಿಂತ ಮೆಲ್ಲಗೆ ಕೊರೆಯುವ ಇನ್ನೊಂದು ಕೇಡೆಂದರೆ ಸದನವು ಸೇರುವ ದಿನಗಳ ಸಂಖ್ಯೆ. ಕರ್ನಾಟಕದಲ್ಲಿ ವಿಧಾನಮಂಡಲವು ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕೆಂದು 2005ರಲ್ಲಿ ಕಾಯಿದೆಯನ್ನೇ ಮಾಡಲಾಗಿದೆ. ಬಹುಪಾಲು ವರ್ಷಗಳಲ್ಲಿ ಆ ಮಿತಿಯನ್ನು ಮುಟ್ಟಿಲ್ಲ. ಸದನ ಸೇರದ ದಿನ ಪ್ರಶ್ನೆಯೂ ಇಲ್ಲ. ತಾನೇ ಮಾಡಿದ ಕಾಯಿದೆಯನ್ನು ತಾನೇ ಪಾಲಿಸದ ಸಭೆಯು ಇಲಾಖೆಗಳಿಂದ ನಿಯಮಪಾಲನೆಯನ್ನು ನಿರೀಕ್ಷಿಸುವುದು ಕಷ್ಟ. ಇದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ.

ಮಾಹಿತಿ ಹಕ್ಕಿನ ಕಾಯಿದೆ ಬಂದ ಮೇಲೆ ಶಾಸಕರ ಪ್ರಶ್ನೆಯ ಅಗತ್ಯ ಕಡಿಮೆಯಾಯಿತಲ್ಲವೇ ಎಂದು ಕೆಲವರು ಕೇಳುವುದುಂಟು. 2005ರ ಆ ಕಾಯಿದೆಯ ಎಂಟನೆಯ ಪ್ರಕರಣದಲ್ಲಿ, ಸಂಸತ್ತಿಗಾಗಲಿ ರಾಜ್ಯ ವಿಧಾನಮಂಡಲಕ್ಕಾಗಲಿ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಕೂಡದೆಂಬ ಉದಾತ್ತವಾದ ವಾಕ್ಯವೊಂದಿತ್ತು. ಹೊನ್ನವಳ್ಳಿಯ ರೈತನನ್ನು ಶಾಸಕನ ಸರಿಸಮಕ್ಕೆ ನಿಲ್ಲಿಸಿದ ವಾಕ್ಯವದು. 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಆ ವಾಕ್ಯವನ್ನು ತೆಗೆದುಹಾಕುವ ತಿದ್ದುಪಡಿ ಸೇರಿತು. ಯಾರ ಹೆಸರಿನಲ್ಲಿ ಎಷ್ಟು ಚೀಲ ಮಾರಾಟವಾಯಿತೆಂಬ ಪಟ್ಟಿಯನ್ನು ವೈಯಕ್ತಿಕ ಮಾಹಿತಿಯೆಂದು ಕಚೇರಿಯೊಂದು ಬಚ್ಚಿಡಲು ಇನ್ನು ಮುಂದೆ ಸುಲಭ. ಆದ್ದರಿಂದ ಶಾಸಕರ ಪ್ರಶ್ನೆಯ ಅಗತ್ಯ ಕಡಿಮೆಯಾಗಿಲ್ಲ, ಹೆಚ್ಚಿದೆ.

ಹಾಗಾದರೆ ಬೆಳೆಗಾರನು ಮಾಡಬೇಕಾದುದೇನು? ಶಾಸಕರು ಊರಿಗೆ ಬಂದಾಗ ಹಾರ ಹಾಕಿ, ‘ಅಣ್ಣಾ, ಕೊಬ್ಬರಿಗೆ ಏನಾದ್ರೂ ಮಾಡ್ಸಣ್ಣ’ ಎಂದು ಕೈಮುಗಿದರೆ, ಅವರೂ ‘ಮಾಡ್ಸೋಣ ಬಿಡಪ್ಪ’ ಎಂದು ಕಾರು ಹತ್ತಬಹುದು. ಅದರ ಬದಲು ಊರಿನ ಸಹಕಾರ ಸಂಘದ ನಾಲ್ಕು ಜನ ಸೇರಿ, ತಮ್ಮ ಸಂಘದ ವ್ಯಾಪ್ತಿಯಲ್ಲಿ ನೋಂದಣಿಯಾದವರೆಷ್ಟು, ಹಣ ಬಾರದವರೆಷ್ಟು, ಯಾವ ದಿನ ಕೇಂದ್ರ ಮುಚ್ಚಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಕೆಳಗೆ ಪ್ರಶ್ನೆಯ ಕರಡನ್ನು ಅ, ಆ, ಇ ಎಂದು ಬಿಡಿಸಿ, ಅಧಿವೇಶನದ ದಿನಾಂಕ ಘೋಷಣೆಯಾದ ಕೂಡಲೇ ಶಾಸಕರ ಆಪ್ತ ಸಹಾಯಕರ ಕೈಗೆ ಕೊಟ್ಟು ರಸೀತಿ ಪಡೆದರೆ, ಯಾವ ಶಾಸಕರೂ ಅದನ್ನು ಉಪೇಕ್ಷಿಸಲು ಹಿಂದೆಮುಂದೆ ನೋಡುತ್ತಾರೆ. ಪರಿಷತ್ತಿನ ಸದಸ್ಯರಿಗೂ ಅದರ ಒಂದು ಪ್ರತಿ ಹೋಗಲಿ. ಎರಡು ಮನೆಗಳಿರುವುದು ಇಂಥ ಕಾಲದಲ್ಲಿ ಉಪಕಾರಕ್ಕೆ ಬರುತ್ತದೆ.

ಆಮೇಲೆ ಧಾರಣೆ ಏರಿತಲ್ಲ, 2025ರಲ್ಲಿ ಕ್ವಿಂಟಾಲು ಕೊಬ್ಬರಿ ಇಪ್ಪತ್ತು ಸಾವಿರವನ್ನು ದಾಟಿತಲ್ಲ, ಇನ್ನೇಕೆ ಪ್ರಶ್ನೆ ಎನ್ನುವವರಿದ್ದಾರೆ. ಧಾರಣೆ ಏರಿದಾಗ ಮಾರಲು ಎಷ್ಟು ಮಂದಿಯ ಅಟ್ಟದಲ್ಲಿ ಕಾಯಿಯಿತ್ತು? ಬಿಳಿನೊಣ, ಕಪ್ಪುತಲೆ ಹುಳು, ನುಸಿ, ಕಾಂಡದಲ್ಲಿ ರಸ ಸೋರುವ ರೋಗ, ಅಣಬೆ ರೋಗ ಇವುಗಳಿಂದ ಗರಿ ಒಣಗಿ ಫಸಲು ಕುಗ್ಗಿದ ತೋಟಗಳನ್ನು ಚಿಕ್ಕನಾಯಕನಹಳ್ಳಿಯ ದಾರಿಯುದ್ದಕ್ಕೂ ಕಾಣಬಹುದು. ಕೊಳವೆಬಾವಿ ಬತ್ತಿ ಸುಳಿ ಬಿದ್ದ ಮರಗಳೂ ಉಂಟು. ಬೆಲೆ ಕುಸಿದ ವರ್ಷ ಎಲ್ಲರೂ ಪ್ರಶ್ನಿಸುತ್ತಾರೆ, ಮರ ಸಾಯುವ ವರ್ಷ ಯಾರೂ ಪ್ರಶ್ನಿಸುವುದಿಲ್ಲ. ತೋಟಗಾರಿಕೆ ಸಚಿವರನ್ನು ಉದ್ದೇಶಿಸಿ ಮುಂದಿನ ಅಧಿವೇಶನಕ್ಕೆ ಕೇಳಬಹುದಾದುದು ಇಷ್ಟು. ಅ: ಈ ಮೂರು ತಾಲ್ಲೂಕುಗಳಲ್ಲಿ ಕಳೆದ ಐದು ವರ್ಷಗಳಲ್ಲಿ ರೋಗ ಮತ್ತು ಕೀಟಬಾಧೆಯಿಂದ ನಾಶವಾದ ತೆಂಗಿನ ಮರಗಳ ಸಮೀಕ್ಷೆ ನಡೆದಿದೆಯೇ, ನಡೆದಿದ್ದಲ್ಲಿ ಹೋಬಳಿವಾರು ಸಂಖ್ಯೆ ಎಷ್ಟು. ಆ: ಕಪ್ಪುತಲೆ ಹುಳುವಿನ ನಿಯಂತ್ರಣಕ್ಕಾಗಿ ಪರೋಪಜೀವಿ ಕೀಟಗಳನ್ನು ಉತ್ಪಾದಿಸುವ ಪ್ರಯೋಗಾಲಯಗಳು ಎಲ್ಲೆಲ್ಲಿವೆ, ಅವುಗಳಿಂದ ಪ್ರತಿ ತಾಲ್ಲೂಕಿಗೆ ವರ್ಷವಾರು ವಿತರಿಸಿದ ಪ್ರಮಾಣವೆಷ್ಟು, ಅಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಇರುವುವೆಷ್ಟು. ಇ: ಹಳೆಯ ಮರಗಳನ್ನು ತೆಗೆದು ಹೊಸ ಸಸಿ ನೆಡಲು ಸಹಾಯಧನ ಕೋರಿ ಬಂದ ಅರ್ಜಿಗಳೆಷ್ಟು, ಮಂಜೂರಾದವೆಷ್ಟು, ಬಾಕಿ ಉಳಿದವೆಷ್ಟು, ಬಾಕಿ ಉಳಿಯಲು ಕಾರಣವೇನು. ಹೋಬಳಿವಾರು, ವರ್ಷವಾರು ವಿವರ ನೀಡುವುದು.